ಲಗ್ನಪತ್ರಿಕೆ, ಕೆಂಪು ಟೇಪು ಮತ್ತು ನೆಲ್ಲಿನ ಸೀಮೆಯ ಮಂಜು: ಚಳಿಗಾಲದ ಐದು ದಿನ

ಮಗಳ ಮದುವೆ ಫೆಬ್ರುವರಿಗೆ ನಿಶ್ಚಯವಾಗಿತ್ತು. ಲಗ್ನಪತ್ರಿಕೆ ಡಿಸೆಂಬರ್ ಮೊದಲ ವಾರವೇ ಅಚ್ಚಾಗಿ ಬಂತು. ನಮ್ಮ ಕಡೆ ಫೋನಿನಲ್ಲಿ ಪತ್ರಿಕೆಯ ಫೋಟೋ ಕಳಿಸಿದರೆ ಕರೆದಂತೆ ಆಗುವುದಿಲ್ಲ. ಮನೆಗೇ ಹೋಗಬೇಕು. ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆಯನ್ನು ಕೈಗೆ ಕೊಡಬೇಕು. ಅವರು ಕೊಟ್ಟ ಚಹಾ ಕುಡಿದು ಎದ್ದು ಬರಬೇಕು. ನಮ್ಮ ಬಳಗ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಹೀಗಾಗಿ ಡಿಸೆಂಬರ್ ಎರಡನೇ ವಾರದಲ್ಲಿ ನಾನು, ನನ್ನ ಹೆಂಡತಿ ಐದು ದಿನಕ್ಕೆ ಅಂತ ಕಾರು ತೆಗೆದೆವು.

ಡಿಕ್ಕಿಯಲ್ಲಿ ಇನ್ನೂರು ಪತ್ರಿಕೆ ಇತ್ತು. ಅದರ ಪಕ್ಕದಲ್ಲಿ ನಾಲ್ಕು ಸುರುಳಿ ಹೊಳೆಯುವ ಟೇಪು. ಮೂರು ಕೆಂಪು, ಒಂದು ಹಳದಿ. ಲಾರಿಗಳ ಹಿಂದೆ ಅಂಟಿಸಿರುತ್ತಾರಲ್ಲ, ಬೆಳಕು ಬಿದ್ದರೆ ಫಳಾರನೆ ಮಿಂಚುವ ರೇಡಿಯಂ ಟೇಪು, ಅದೇ. ಅದನ್ನು ಯಾಕೆ ಒಯ್ದೆ ಅನ್ನುವುದು ಎರಡನೇ ದಿನದ ಕಥೆಯಲ್ಲಿ ಬರುತ್ತದೆ.

ದಿನ 1: ಬಳ್ಳಾರಿಯಿಂದ ಸಿಂಧನೂರು ಸೀಮೆಗೆ

ಬೆಳಿಗ್ಗೆ ಮೊದಲು ಮಾಡಿದ ಕೆಲಸ ಗಾಳಿ ನೋಡಿಸಿದ್ದು. ನಮ್ಮಲ್ಲಿ ಬಹಳ ಜನ ಮಧ್ಯಾಹ್ನ ಓಡಾಡುವಾಗ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸುತ್ತಾರೆ. ಆಗ ಟೈರು ಬಿಸಿಯಾಗಿರುತ್ತದೆ. ಮೀಟರ್ ಸರಿಯಾಗೇ ತೋರಿಸುತ್ತದೆ, ಆದರೆ ನಸುಕಿನಲ್ಲಿ ಅದೇ ಟೈರು ಸಪ್ಪೆಯಾಗಿರುತ್ತದೆ. ಬಿಸಿ 10 ಡಿಗ್ರಿ ಇಳಿದರೆ ಟೈರಿನ ಗಾಳಿ ಸುಮಾರು 2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಬಳ್ಳಾರಿಯಲ್ಲಿ ಡಿಸೆಂಬರ್ ಮಧ್ಯಾಹ್ನ 30 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವ 15ರ ಆಸುಪಾಸಿಗೆ ಬಂದುಬಿಡುತ್ತದೆ. ಅದಕ್ಕೇ ಚಳಿಗಾಲದಲ್ಲಿ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲೇ ನೋಡಬೇಕು.

ಎರಡನೇ ಕೆಲಸ ಮುಂದಿನ ಗಾಜು ಒರೆಸಿದ್ದು, ಅದೂ ಒಳಗಡೆಯಿಂದ. ಹೊರಗಿನ ಗಾಜನ್ನು ಎಲ್ಲರೂ ತೊಳೆಯುತ್ತಾರೆ. ಒಳಗೆ ಧೂಳು, ಉಸಿರು, ಎಣ್ಣೆಕೈ ಎಲ್ಲ ಸೇರಿ ಒಂದು ತೆಳು ಪೊರೆ ಕಟ್ಟಿರುತ್ತದೆ. ಹಗಲು ಅದು ಕಾಣುವುದೇ ಇಲ್ಲ. ಎದುರಿನ ಲೈಟು ಬಿದ್ದಾಗ ಮಾತ್ರ ಗಾಜೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಹೆಂಡತಿ ಹಳೆ ಪಂಚೆಯ ತುಂಡು ತಂದುಕೊಟ್ಟಳು. ಒರೆಸಿದ ಮೇಲೆ ಆ ಬಟ್ಟೆ ಕಪ್ಪಗಾಗಿತ್ತು.

ಹತ್ತು ಗಂಟೆಗೆ ಹೊರಟೆವು. ತೆಕ್ಕಲಕೋಟೆಯಲ್ಲಿ ಎರಡು ಮನೆ, ಸಿರುಗುಪ್ಪದಲ್ಲಿ ನಾಲ್ಕು ಮನೆ. ಈಗ ಇದು ರಾಷ್ಟ್ರೀಯ ಹೆದ್ದಾರಿ 150ಎ. ಜೇವರ್ಗಿಯಿಂದ ಹಿಡಿದು ಚಾಮರಾಜನಗರದವರೆಗೆ ಹೋಗುವ ದಾರಿ. ಹತ್ತಿ ಹಂಗಾಮು ಬೇರೆ. ಟ್ರ್ಯಾಕ್ಟರಿನ ಮೇಲೆ ಹತ್ತಿ ತುಂಬಿ ತುಂಬಿ ಎರಡೂ ಕಡೆ ಹೊಟ್ಟೆ ಬಂದಿರುತ್ತದೆ. ಅದರ ಇಂಡಿಕೇಟರ್ ಹಾಗಿರಲಿ, ಹಿಂದಿನ ಚಕ್ರವೇ ಕಾಣುವುದಿಲ್ಲ. ಡ್ರೈವರಿಗೂ ಹಿಂದೆ ಬರುವವರು ಕಾಣುವುದಿಲ್ಲ. ಹಾರ್ನ್ ಹೊಡೆದು, ಅವನು ತಿರುಗಿ ನೋಡಿ ಕೈ ಬೀಸುವ ತನಕ ನಾನು ಹಿಂದೆಯೇ ಇದ್ದೆ.

ಧಡೇಸುಗೂರಿನ ಹತ್ತಿರ ತುಂಗಭದ್ರೆ ದಾಟಿದರೆ ನೆಲದ ಬಣ್ಣವೇ ಬೇರೆ. ಎಡದಂಡೆ ಕಾಲುವೆಯ ನೀರುಂಡ ಸೀಮೆ. ಇಲ್ಲಿ ಭತ್ತ ಅಂತ ಯಾರೂ ಅನ್ನುವುದಿಲ್ಲ, ನೆಲ್ಲು ಅಂತಾರೆ. ಕೊಯ್ಲು ಜೋರಾಗಿತ್ತು. ರಸ್ತೆಯ ಅರ್ಧಕ್ಕೆ ನೆಲ್ಲು ಹರವಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದರು. ಕಾಳಿನ ಮೇಲೆ ಟೈರು ಹತ್ತಿದರೆ ಗೋಲಿಗುಂಡಿನ ಮೇಲೆ ನಿಂತ ಹಾಗೆ. ಬ್ರೇಕ್ ಒತ್ತಿದರೆ ಗಾಡಿ ಎತ್ತ ಬೇಕಾದರೂ ಜಾರುತ್ತದೆ. ಬೈಕಿನವರಿಗಂತೂ ಇನ್ನೂ ಜಾಸ್ತಿ ಅಪಾಯ. ಅಲ್ಲಿ ಬ್ರೇಕ್ ಮುಟ್ಟಬಾರದು, ಸ್ಟೇರಿಂಗ್ ತಿರುವಬಾರದು. ಮೊದಲೇ ನಿಧಾನ ಮಾಡಿಕೊಂಡು, ನೆಟ್ಟಗೆ ದಾಟಿಬಿಡಬೇಕು.

ಕಾಲಿನಿಂದ ನೆಲ್ಲು ತಿರುವುತ್ತಿದ್ದ ಒಬ್ಬ ಅಜ್ಜಿಯ ಹತ್ತಿರ ಗಾಡಿ ನಿಲ್ಲಿಸಿದೆ. "ಯಮ್ಮಾ, ರಾತ್ರಿ ಇಲ್ಲೇ ಬಿಡ್ತೀರೇನು?" ಅಂದೆ. "ಎಲ್ಲಿಗೆ ಒಯ್ಯಬೇಕಪ್ಪಾ? ಹಸಿ ಐತಿ ಅಂತ ವಾಪಸ್ ಕಳಿಸ್ತಾರ. ಕಣ ಮಾಡಾಕ ಜಾಗ ಎಲ್ಲೈತಿ ಈಗ" ಅಂದಳು. ಸರ್ಕಾರದ ಖರೀದಿ ಕೇಂದ್ರದಲ್ಲಿ ತೇವ 17 ಪರ್ಸೆಂಟ್ ದಾಟಿದರೆ ತೆಗೆದುಕೊಳ್ಳುವುದಿಲ್ಲ. ಮಷಿನ್ನಿನಲ್ಲಿ ಕೊಯ್ದ ಕಾಳು ಅದಕ್ಕಿಂತ ಹಸಿಯಾಗಿರುತ್ತದೆ. ಹಿಂದೆ ಊರಿಗೊಂದು ಕಣ ಇತ್ತು. ಈಗ ಕಣದ ಜಾಗದಲ್ಲೂ ಮನೆ ಎದ್ದಿವೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಊರಿಗೊಂದು ಸಿಮೆಂಟಿನ ಕಣ ಕಟ್ಟಿಸಿಕೊಟ್ಟರೆ ಅರ್ಧ ಅಪಘಾತ ಅಲ್ಲೇ ನಿಲ್ಲುತ್ತವೆ ಅಂತ ನಾನು ನಂಬಿದ್ದೇನೆ. ರಾತ್ರಿ ತಾಡಪತ್ರಿ ಮುಚ್ಚುವಾಗ ಕಪ್ಪು ಬೇಡ, ಬಿಳಿ ಚೀಲವನ್ನಾದರೂ ಮೇಲೆ ಹಾಕು ಅಂತ ಹೇಳಿ ಬಂದೆ. ಅವಳು ಹೂಂ ಅಂದಳು.

ಐದು ಗಂಟೆಯ ಹೊತ್ತಿಗೆ ಹೊಲಗಳಿಂದ ಹೊಗೆ ಏಳತೊಡಗಿತು. ಮಷಿನ್ ಕೊಯ್ದು ಬಿಟ್ಟ ಹುಲ್ಲಿಗೆ ಕೆಲವರು ಬೆಂಕಿ ಹಚ್ಚುತ್ತಾರೆ. ಬೇಸಿಗೆಯಲ್ಲಾದರೆ ಹೊಗೆ ಮೇಲೆ ಹೋಗುತ್ತದೆ. ಚಳಿಗಾಲದ ಸಂಜೆ ನೆಲದ ಹತ್ತಿರದ ಗಾಳಿ ಬೇಗ ತಣ್ಣಗಾಗಿ, ಹೊಗೆ ಮೇಲೇಳದೆ ರಸ್ತೆಯ ಮೇಲೇ ಮಲಗುತ್ತದೆ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಹೊಲದಿಂದ ಮನೆಗೆ ಹೊರಟ ಟ್ರ್ಯಾಕ್ಟರು, ಎತ್ತಿನ ಬಂಡಿ, ಕುರಿ, ಕೂಲಿಗೆ ಹೋದ ಹೆಣ್ಣುಮಕ್ಕಳು ಎಲ್ಲರೂ ಅದೇ ಅರ್ಧ ಗಂಟೆಯಲ್ಲಿ ರಸ್ತೆಗೆ ಬರುತ್ತಾರೆ. ಹೊತ್ತು ಮುಳುಗುವ ಮೊದಲು ಚಕ್ರ ನಿಲ್ಲಬೇಕು ಅಂತ ನಾವು ಮನೆಯಲ್ಲೇ ಮಾತಾಡಿಕೊಂಡಿದ್ದೆವು. ಐದೂವರೆಗೆ ಸಿಂಧನೂರು ಹತ್ತಿರದ ನಮ್ಮ ಚಿಕ್ಕಪ್ಪನ ಊರು ಸೇರಿದೆವು.

ದಿನ 2: ಮಂಜಿನೊಳಗೆ, ಮಾನ್ವಿ ದಾರಿಯಲ್ಲಿ

ಐದಕ್ಕೆ ಎಚ್ಚರವಾಯಿತು. ಆರಕ್ಕೆ ಬಿಟ್ಟರೆ ಎಂಟೂವರೆಗೆ ರಾಯಚೂರು ಸೇರಬಹುದು, ಷಡ್ಡಕ ಕೆಲಸಕ್ಕೆ ಹೋಗುವ ಮೊದಲು ಪತ್ರಿಕೆ ಕೊಡಬಹುದು ಅಂತ ನನ್ನ ಲೆಕ್ಕ. ಬಾಗಿಲು ತೆಗೆದೆ. ಅಂಗಳದಲ್ಲಿ ನಿಲ್ಲಿಸಿದ ನನ್ನ ಕಾರೇ ಕಾಣಲಿಲ್ಲ.

ಚಿಕ್ಕಪ್ಪನ ಮಗ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. "ಅಣ್ಣ, ಕಂಬ ಎಣಿಸು" ಅಂದ.

ಮನೆ ಮುಂದಿನ ಕಾಲುವೆ ರಸ್ತೆಯ ಉದ್ದಕ್ಕೂ ಕರೆಂಟ್ ಕಂಬಗಳಿವೆ. ಕಂಬದಿಂದ ಕಂಬಕ್ಕೆ ಸುಮಾರು ಐವತ್ತು ಹೆಜ್ಜೆ. "ಎಷ್ಟು ಕಾಣ್ತಾವ?" ಅಂದ. ಒಂದು ಕಂಡಿತು. ಎರಡನೆಯದು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. "ನಾಕು ಕಂಡ ಮ್ಯಾಲೆ ಬಿಡು. ಅಲ್ಲಿ ತನಕ ಚಾ ಕುಡಿ" ಅಂದ. ಅವನು ಎದ್ದು ಒಳಗೆ ಹೋಗುವಾಗ ಬಲಗಾಲು ಎಳೆಯುತ್ತಿತ್ತು.

ಎರಡು ವರ್ಷದ ಹಿಂದೆ ಇದೇ ತಿಂಗಳು, ಇಂಥದೇ ಬೆಳಿಗ್ಗೆ. ಅವನು ಬೈಕಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಸಿಂಧನೂರಿಗೆ ಹೊರಟಿದ್ದ. ಜಾಸ್ತಿ ಜೋರೇನೂ ಇರಲಿಲ್ಲ. ನಲವತ್ತರ ಸುಮಾರು ಇದ್ದಿರಬಹುದು ಅಂತಾನೆ. ನೆಲ್ಲು ತುಂಬಿದ ಟ್ರೇಲರ್ ಪಂಕ್ಚರ್ ಆಗಿ ರಸ್ತೆ ಮೇಲೇ ನಿಂತಿತ್ತು. ಹಿಂದೆ ಲೈಟಿಲ್ಲ, ಟೇಪಿಲ್ಲ. ಮಣ್ಣು ಮೆತ್ತಿದ ಕಂದು ಹಲಗೆ. ಕಂಡಾಗ ಎರಡು ಮಾರು ದೂರ ಇತ್ತಂತೆ. ತೊಡೆಯ ಎಲುಬು ಎರಡು ಕಡೆ ಮುರಿಯಿತು. ಒಳಗೆ ರಾಡ್ ಹಾಕಿದ್ದಾರೆ. ಹಿಂದೆ ಬಂದ ತರಕಾರಿ ಗಾಡಿಯವರು ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದರು. ಅವರು ಮೊದಲು ಹಿಂದೆಮುಂದೆ ನೋಡಿದರಂತೆ, ಪೊಲೀಸ್ ಕೇಸು ಮೈಮೇಲೆ ಬರುತ್ತದೆ ಅಂತ. ಹಾಗೆ ಹೆದರಬೇಕಿಲ್ಲ. ಗಾಯಗೊಂಡವರಿಗೆ ನೆರವಾದವರನ್ನು ಕಾನೂನು ಕಾಪಾಡುತ್ತದೆ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲೇ ಅದು ಸೇರಿದೆ. ಹೆಸರು, ವಿಳಾಸ ಹೇಳು ಅಂತ ಅವರನ್ನು ಬಲವಂತ ಮಾಡುವ ಹಾಗಿಲ್ಲ. 108ಕ್ಕೆ ಫೋನ್ ಮಾಡಬಹುದು, ರಾಷ್ಟ್ರೀಯ ಹೆದ್ದಾರಿ ಮೇಲಾದರೆ 1033 ಇದೆ.

ಆ ಟ್ರೇಲರಿನವನೂ ಕೆಟ್ಟವನಲ್ಲ. ಜಾಕ್ ತರಲು ನಡೆದುಕೊಂಡು ಊರಿಗೆ ಹೋಗಿದ್ದ. ಒಂದು ಮಾರು ಕೆಂಪು ಟೇಪು ಇದ್ದಿದ್ದರೆ ನನ್ನ ತಮ್ಮ ಇವತ್ತು ನೆಟ್ಟಗೆ ನಡೆಯುತ್ತಿದ್ದ. ನನಗೆ ಅದನ್ನು ಮರೆಯಲು ಆಗಲಿಲ್ಲ. ಪತ್ರಿಕೆ ಹಂಚಲು ಹೋಗುವ ಮನೆಗಳಲ್ಲಿ ಅರ್ಧಕ್ಕರ್ಧ ಜನರ ಹತ್ತಿರ ಟ್ರ್ಯಾಕ್ಟರ್ ಇದೆ ಅಂತ ಗೊತ್ತಿತ್ತು. ಅದಕ್ಕೇ ಟೇಪು ಕೊಂಡಿದ್ದು.

ಚಹಾ ಕುಡಿದು ಅವನ ಟ್ರೇಲರಿನಿಂದಲೇ ಶುರು ಮಾಡಿದೆವು. ಇಬ್ಬನಿಗೆ ಹಲಗೆ ಒದ್ದೆಯಾಗಿತ್ತು. ಒದ್ದೆ ಮೇಲೆ, ಮಣ್ಣಿನ ಮೇಲೆ ಟೇಪು ನಿಲ್ಲುವುದಿಲ್ಲ. ಚೆನ್ನಾಗಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಅಂಟಿಸಬೇಕು. ಹಿಂದಕ್ಕೆ ಕೆಂಪು, ಪಕ್ಕಕ್ಕೆ ಹಳದಿ, ಮುಂದಕ್ಕೆ ಬಿಳಿ ಅಂತ ನಿಯಮ. ಹಿಂದಿನ ಹಲಗೆಯ ಎರಡೂ ತುದಿಗೆ ಬರುವ ಹಾಗೆ ಅಂಟಿಸಿದರೆ ಗಾಡಿ ಎಷ್ಟು ಅಗಲ ಇದೆ ಅಂತ ಹಿಂದಿನವನಿಗೆ ತಿಳಿಯುತ್ತದೆ. ನಡುವೆ ಒಂದೇ ಚುಕ್ಕೆ ಇದ್ದರೆ ಬೈಕು ಅಂದುಕೊಂಡು ಪಕ್ಕದಿಂದ ನುಗ್ಗುತ್ತಾನೆ. ಹಲಗೆಯನ್ನು ಕೆಳಗೆ ಇಳಿಸಿದಾಗಲೂ ಕಾಣಲಿ ಅಂತ ಚಾಸಿಗೂ ಒಂದು ತುಂಡು ಹಚ್ಚಿದೆವು. ಓಣಿಯ ಇನ್ನೂ ಮೂರು ಟ್ರೇಲರುಗಳಿಗೆ ಆಯಿತು. ಒಬ್ಬ ಹುಡುಗ ತನ್ನ ಸೈಕಲ್ಲಿಗೂ ಬೇಕು ಅಂದ. ಹಿಂದಿನ ಮಡ್‌ಗಾರ್ಡಿಗೆ ಹಚ್ಚಿಕೊಟ್ಟೆ.

ಆರೂಮುಕ್ಕಾಲಿಗೆ ಹೊತ್ತು ಹುಟ್ಟಿದರೂ ಮಂಜು ಕಡಿಮೆಯಾಗಲಿಲ್ಲ. ಇನ್ನೂ ದಟ್ಟವಾಯಿತು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಬೆಳಕಾಯಿತು, ಇನ್ನು ಕರಗುತ್ತದೆ ಅಂತ ಹೊರಟುಬಿಡುತ್ತಾರೆ. ಈ ಸೀಮೆಯ ಮಂಜು ನೆಲದಿಂದಲೇ ಹುಟ್ಟುವುದು. ಕಾಲುವೆ, ನೀರು ನಿಂತ ಗದ್ದೆ, ಹಸಿ ಎರೆಮಣ್ಣು. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ಗಾಳಿ ಆಡದಿದ್ದರೆ ಅದರ ಮೇಲಿನ ಹಸಿ ಗಾಳಿ ತಣ್ಣಗಾಗಿ ಹನಿ ಹನಿ ಕಟ್ಟುತ್ತದೆ. ಸೂರ್ಯ ಹುಟ್ಟಿದ ಕೂಡಲೇ ಎಲೆ, ಹುಲ್ಲಿನ ಇಬ್ಬನಿಯೂ ಆವಿಯಾಗಿ ಅದಕ್ಕೇ ಸೇರುತ್ತದೆ. ನೆಲ ಬಿಸಿಯಾಗಲು ಇನ್ನೂ ಒಂದೆರಡು ಗಂಟೆ ಬೇಕು. ಹವಾಮಾನ ಇಲಾಖೆಯವರ ಲೆಕ್ಕದಲ್ಲಿ 200 ಮೀಟರಿಗಿಂತ ಹತ್ತಿರ ಮಾತ್ರ ಕಂಡರೆ ದಟ್ಟ ಮಂಜು, 50 ಮೀಟರಿಗಿಂತ ಕಡಿಮೆಯಾದರೆ ಅತಿ ದಟ್ಟ. ನಮ್ಮ ಕಂಬದ ಲೆಕ್ಕವೂ ಹೆಚ್ಚುಕಡಿಮೆ ಅದೇ ಅಲ್ವಾ!

ಎಂಟೂವರೆಗೆ ನಾಲ್ಕನೇ ಕಂಬ ಕಂಡಿತು. ಹೊರಟೆವು. ರಸ್ತೆ ಊರೊಳಗೆ ತಿಳಿಯಾಗಿತ್ತು. ಮಾನ್ವಿ ದಾರಿಯಲ್ಲಿ ಕಾಲುವೆ ಹತ್ತಿರ ಬಂದಾಗಲೆಲ್ಲ ಮತ್ತೆ ಬಿಳಿ ಗೋಡೆ. ಮಂಜು ಹೀಗೇ ತೇಪೆ ತೇಪೆಯಾಗಿ ಇರುತ್ತದೆ. ತಿಳಿ ಇರುವಲ್ಲಿ ಎಂಬತ್ತರಲ್ಲಿ ಹೋಗುತ್ತಿದ್ದವನು ಒಂದೇ ಕ್ಷಣದಲ್ಲಿ ಕುರುಡನಾಗುತ್ತಾನೆ. ಎಂಬತ್ತರಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ನೋಡಿ ಕಾಲು ಬ್ರೇಕ್ ಮುಟ್ಟುವುದರೊಳಗೆ ಅರ್ಧ ದಾರಿ ಮುಗಿದಿರುತ್ತದೆ. ಪೂರ್ತಿ ನಿಲ್ಲಲು ಹತ್ತಿರಹತ್ತಿರ 70 ಮೀಟರ್ ಬೇಕು. ನಲವತ್ತರಲ್ಲಾದರೆ 25 ಮೀಟರಿನೊಳಗೆ ನಿಲ್ಲಬಹುದು, ರಸ್ತೆ ಒಣಗಿದ್ದರೆ. ನಾನು ತಿಳಿ ಇರುವಲ್ಲೂ ನಲವತ್ತು ದಾಟಲಿಲ್ಲ. ಬಿಳಿಯೊಳಗೆ ಇಪ್ಪತ್ತು.

ಲೈಟು ಡಿಮ್ಮಿನಲ್ಲೇ ಇತ್ತು. ಹೈ ಬೀಮ್ ಹಾಕಿದರೆ ಆ ಬೆಳಕು ಮಂಜಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಬಂಪರಿನ ಕೆಳಗಿನ ಫಾಗ್ ಲ್ಯಾಂಪ್ ಮಾತ್ರ ಹತ್ತಿರದ ರಸ್ತೆಯನ್ನು ತೋರಿಸುತ್ತದೆ. ಎಡಗಡೆಯ ಬಿಳಿ ಗೆರೆ ನೋಡಿಕೊಂಡು ಹೋದೆ. ನಡುಗೆರೆ ಹಿಡಿದರೆ ಎದುರಿನವನೂ ಅದನ್ನೇ ಹಿಡಿದು ಬರುತ್ತಿರುತ್ತಾನೆ. ಹಾಡು ಹಾಕಲಿಲ್ಲ. ಹೆಂಡತಿ ಕಿಟಕಿ ನಾಲ್ಕು ಬೆರಳು ಇಳಿಸಿ ಕಿವಿ ಕೊಟ್ಟು ಕೂತಳು. ಚಳಿಗೆ ಸೆರಗು ತಲೆ ಮೇಲೆ ಎಳೆದುಕೊಂಡಿದ್ದಳು, ಆದರೂ ಗಾಜು ಏರಿಸಲಿಲ್ಲ. ಮಂಜಿನಲ್ಲಿ ಕಿವಿ ಕಣ್ಣಿಗಿಂತ ಮೊದಲು ತಿಳಿಸುತ್ತದೆ. "ಟ್ರ್ಯಾಕ್ಟರ್ ಸಪ್ಪಳ" ಅಂದಳು. ನಾನು ಇನ್ನೂ ಏನೂ ಕಂಡಿರಲಿಲ್ಲ. ಕಾಲು ತೆಗೆದೆ. ಹತ್ತು ಹದಿನೈದು ಮೀಟರಿನಲ್ಲಿ ಒಂದು ಕರಿ ನೆರಳು ಎದ್ದಿತು. ಕೊಯ್ಯುವ ಮಷಿನ್. ಮುಂದಿನ ಅಗಲವಾದ ಹಲ್ಲಿನ ಭಾಗ ಬಿಚ್ಚದೇ ರಸ್ತೆಗೆ ತಂದಿದ್ದರು. ರಸ್ತೆಯ ಮುಕ್ಕಾಲು ಪಾಲು ಅದೇ ಇತ್ತು.

ಹಿಂದೆ ಬರುತ್ತಿದ್ದ ಒಬ್ಬ ಹುಡುಗನ ಕಾರು ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತಾ ಬರುತ್ತಿತ್ತು. ಇದೂ ಒಂದು ರೂಢಿ ಆಗಿಬಿಟ್ಟಿದೆ. ಓಡುವ ಗಾಡಿಯಲ್ಲಿ ನಾಲ್ಕೂ ಮಿಟುಕಿದರೆ ಅದು ನಿಂತಿದೆಯೋ, ಓಡುತ್ತಿದೆಯೋ, ಯಾವ ಕಡೆ ತಿರುಗುತ್ತದೋ ಯಾರಿಗೂ ತಿಳಿಯುವುದಿಲ್ಲ. ಅದು ನಿಂತ ಗಾಡಿಗೆ ಇಟ್ಟ ಲೈಟು. ನಿಲ್ಲಲೇಬೇಕಾದರೆ ರಸ್ತೆಯ ಅಂಚಿನಲ್ಲಿ ಅಲ್ಲ, ರಸ್ತೆ ಬಿಟ್ಟು ಪೂರ್ತಿ ಕೆಳಗೆ ಇಳಿಯಬೇಕು. ನಾವು ಹಾಗೇ ಮಾಡಿದೆವು. ಒಂದು ಬಂಕು ಕಂಡಿತು, ಒಳಗೆ ಹೋಗಿ ನಿಂತೆವು. ಅಲ್ಲಿ ಆಗಲೇ ಏಳೆಂಟು ಲಾರಿ ನಿಂತಿದ್ದವು. ಒಬ್ಬ ಡ್ರೈವರ್ ಒಗ್ಗರಣೆ ಮಂಡಕ್ಕಿ ತಿನ್ನುತ್ತಾ, "ಮಾಲು ನಾಳೆ ಮುಟ್ಟಿದ್ರೂ ನಡೀತೈತಿ ಸರ" ಅಂದ. ನಮಗೂ ಒಂದು ಪ್ಲೇಟ್ ಕೊಡಿಸಿದ. ಹತ್ತಕ್ಕೆ ಪೂರ್ತಿ ಬಿಸಿಲು.

ರಸ್ತೆಗೆ ಬಂದಾಗ ಇನ್ನೊಂದು ಕಂಡಿತು. ಗದ್ದೆಯಿಂದ ಏರಿದ ಟ್ರ್ಯಾಕ್ಟರ್ ಟೈರುಗಳ ಎರೆಮಣ್ಣು ಹೆಂಟೆ ಹೆಂಟೆಯಾಗಿ ಡಾಂಬರಿನ ಮೇಲೆ ಬಿದ್ದಿತ್ತು. ಅದರ ಮೇಲೆ ಇಬ್ಬನಿ. ಸಾಬೂನು ಹಚ್ಚಿದ ಹಾಗೆ ಜಾರುತ್ತದೆ. ಮಳೆಯೇ ಇಲ್ಲದ ದಿನ ರಸ್ತೆ ಜಾರುತ್ತದೆ ಅಂದರೆ ಹೊರಗಿನವರು ನಂಬುವುದಿಲ್ಲ. ಹೊಲದ ದಾರಿ ರಸ್ತೆಗೆ ಸೇರುವ ಪ್ರತಿ ಜಾಗದಲ್ಲೂ ಇದು ಇರುತ್ತದೆ.

ಮಾನ್ವಿಯಲ್ಲಿ ಮೂರು ಮನೆ ಮುಗಿಸಿ ರಾಯಚೂರು ಸೇರಿದಾಗ ಎರಡು ಗಂಟೆ. ಷಡ್ಡಕ ಕೆಲಸಕ್ಕೆ ಹೋಗಿದ್ದ. ಸಂಜೆ ಬಂದ. ಪತ್ರಿಕೆ ಆಗಲೇ ಕೊಟ್ಟೆ.

ದಿನ 3: ರಾಯಚೂರು, ಲಿಂಗಸುಗೂರು

ಬೆಳಿಗ್ಗೆ ಏಳೂವರೆಗೆ ಅತ್ತೆ, ಅವರ ಮೊಮ್ಮಗಳು ಸೇರಿ ನಾಲ್ಕು ಜನ ಶಕ್ತಿನಗರಕ್ಕೆ ಹೊರಟೆವು. ಹೊರಗೆ ಮಂಜಿರಲಿಲ್ಲ. ಆದರೆ ಎರಡೇ ನಿಮಿಷದಲ್ಲಿ ಗಾಜಿನ ಒಳಗಡೆ ಮಂಜು. ನಾಲ್ಕು ಜನರ ಬಿಸಿ ಉಸಿರು, ಹೊರಗೆ ತಣ್ಣನೆ ಗಾಜು. ಮೊಮ್ಮಗಳು ಕೈಯಿಂದ ಒರೆಸಲು ಬಂದಳು. ಕೈಯಿಂದ ಒರೆಸಿದರೆ ಜಿಡ್ಡು ಹತ್ತಿ ಇನ್ನೂ ಕೆಡುತ್ತದೆ. ಏಸಿ ಹಾಕಿದೆ. ಅತ್ತೆಗೆ ಗಾಬರಿ, "ಈ ಥಂಡ್ಯಾಗ ಏಸಿ ಯಾಕಪ್ಪಾ?" ಏಸಿ ಗಾಳಿಯನ್ನು ತಂಪು ಮಾಡುವುದಷ್ಟೇ ಅಲ್ಲ, ಒಣಗಿಸುತ್ತದೆ ಕೂಡ. ಏಸಿ ಆನ್ ಇಟ್ಟು, ಗುಂಡಿಯನ್ನು ಬಿಸಿ ಕಡೆ ತಿರುಗಿಸಿ, ಗಾಳಿಯನ್ನು ಮುಂದಿನ ಗಾಜಿನ ಕಡೆ ಬಿಟ್ಟು, ಹೊರಗಿನ ಗಾಳಿ ಒಳಗೆ ಬರುವ ಬಟನ್ ಒತ್ತಿದರೆ ಸಾಕು. ಒಳಗೇ ಸುತ್ತುವ ಗಾಳಿಯಲ್ಲಿಟ್ಟರೆ ನಮ್ಮ ಉಸಿರೇ ಮತ್ತೆ ಮತ್ತೆ ಗಾಜಿಗೆ ಹೋಗುತ್ತದೆ. ಒಂದು ನಿಮಿಷದಲ್ಲಿ ಗಾಜು ತಿಳಿಯಾಯಿತು. ಅತ್ತೆಗೂ ಬೆಚ್ಚಗಾಯಿತು.

ಶಕ್ತಿನಗರದ ಚಿಮಣಿಗಳ ಹೊಗೆ ಕೃಷ್ಣೆಯ ಮೇಲೆ ನೆಟ್ಟಗೆ ನಿಂತಿತ್ತು. ಗಾಳಿ ಆಡುತ್ತಿಲ್ಲ ಅನ್ನುವುದಕ್ಕೆ ಅದಕ್ಕಿಂತ ಗುರುತು ಬೇಡ. ಅಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಬೂದಿ ಒಯ್ಯುವ ಟ್ಯಾಂಕರುಗಳು ಸಾಲಾಗಿ ಬರುತ್ತವೆ. ಅವುಗಳ ಹಿಂದೆ ಹತ್ತಿರ ಹೋಗಬಾರದು. ಒದ್ದೆ ಗಾಜಿನ ಮೇಲೆ ಬೂದಿಧೂಳು ಕೂತು ವೈಪರ್ ಎಳೆದರೆ ಕೆಸರು ಬಳಿದಂತಾಗುತ್ತದೆ. ವೈಪರಿನ ನೀರಿನ ಡಬ್ಬಿ ತುಂಬಿಸಿಕೊಂಡಿದ್ದು ಅವತ್ತು ಕೆಲಸಕ್ಕೆ ಬಂತು.

ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬೇಡ ಬೇಡ ಅಂದರೂ ಜಾಸ್ತಿ ಉಂಡೆ. ಉಂಡ ಮೇಲೆ ಅರ್ಧ ಗಂಟೆ ಮಲಗಿಯೇ ಹೊರಟೆ. ಎಳೆಬಿಸಿಲು, ಹೊಟ್ಟೆ ತುಂಬ ಊಟ, ಗಾಜು ಏರಿಸಿದ ಬೆಚ್ಚನೆ ಕಾರು. ನಿದ್ದೆ ಬಾರದೆ ಇರುತ್ತದೆಯೇ?

ಮೂರಕ್ಕೆ ಸಿರವಾರ, ಕವಿತಾಳದ ದಾರಿಯಲ್ಲಿ ಲಿಂಗಸುಗೂರಿಗೆ. ಈ ದಾರಿಯ ತೊಂದರೆ ಮಂಜಲ್ಲ, ಸೂರ್ಯ. ಪಡುವಣಕ್ಕೆ ಮುಖ ಮಾಡಿದ ರಸ್ತೆ. ಡಿಸೆಂಬರಿನಲ್ಲಿ ಸೂರ್ಯ ತಲೆ ಮೇಲೆ ಬರುವುದೇ ಇಲ್ಲ. ನಾಲ್ಕು ಗಂಟೆಗೆಲ್ಲ ನೇರ ಕಣ್ಣಿಗೆ. ಎದುರಿನ ಬೈಕು, ನಡೆಯುವವರು, ಎಲ್ಲ ಬೆಳಕಿನಲ್ಲಿ ಕರಗಿಹೋಗುತ್ತಾರೆ. ತಿರುವಿನ ಹತ್ತಿರ ನಾನು ನಿಧಾನ ಮಾಡಿದ್ದಕ್ಕೆ ಒಂದು ಕುರಿ ಹಿಂಡು ಉಳಿಯಿತು. ಬಿಸಿಲಿನ ಧೂಳಿನಲ್ಲಿ ಕುರಿಗಳು ಕಾಣಲೇ ಇಲ್ಲ. ಮೊದಲು ಕಂಡಿದ್ದು ಕುರುಬನ ಕಂಬಳಿ. ಇಂಜಿನ್ ಆರಿಸಿ ನಿಂತೆ. ಹಿಂಡು ಎರಡೂ ಕಡೆಯಿಂದ ಕಾರನ್ನು ಒರಸಿಕೊಂಡು ಹೋಯಿತು. ಅವನ ಕೋಲಿಗೆ ಒಂದು ಗೇಣು ಕೆಂಪು ಟೇಪು ಸುತ್ತಿಕೊಟ್ಟೆ. ಅವನು ಅದನ್ನು ಸೂರ್ಯನಿಗೆ ಹಿಡಿದು ನೋಡಿ, "ಚಲೋ ಐತಿ, ನಸಿಕ್ಲೆ ಹೊಂಡ್ತೀವ್ರಿ ನಾವು" ಅಂದ. ಅವನಂಥವರೇ ದಿನಾ ನಸುಕಿನಲ್ಲಿ ರಸ್ತೆ ಮೇಲಿರುವುದು.

ರಾತ್ರಿ ಲಿಂಗಸುಗೂರಿನಲ್ಲಿ ಹಟ್ಟಿ ಚಿನ್ನದ ಗಣಿಯ ಗೆಳೆಯ ಸಿಕ್ಕ. ಬೆಳಗಿನ ಪಾಳಿಗೆ ಕತ್ತಲಲ್ಲೇ ಬೈಕು ಹತ್ತುತ್ತಾನೆ. ಎದೆಗೆ ಗಾಳಿ ಹೊಡೆಯದಿರಲಿ ಅಂತ ಜರ್ಕಿನ್ ಹಿಂದುಮುಂದು ಹಾಕಿಕೊಳ್ಳುತ್ತಾನಂತೆ. ಹಾಗೆ ಮಾಡಿದರೆ ಬೆನ್ನಿನ ಬಿಳಿ ಪಟ್ಟಿ ಎದೆಗೆ ಬರುತ್ತದೆ, ಹಿಂದಿನವರಿಗೆ ಬರೀ ಕಪ್ಪು. ಹೆಲ್ಮೆಟ್ಟಿನ ಹಿಂಭಾಗಕ್ಕೆ ಟೇಪು ಅಂಟಿಸಿದೆವು.

ದಿನ 4: ಕುಷ್ಟಗಿ ಹೆದ್ದಾರಿ, ಕೊಪ್ಪಳ

ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಚಾವಿ ತಿರುವಿದರೆ ಕಟ್ ಕಟ್ ಅಂತ ಸದ್ದು ಅಷ್ಟೇ. ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು. ತಂಪಿನಲ್ಲಿ ಬ್ಯಾಟರಿಯ ಶಕ್ತಿ ಇಳಿಯುತ್ತದೆ, ಇಂಜಿನ್ ಎಣ್ಣೆ ಗಟ್ಟಿಯಾಗಿ ತಿರುಗಿಸಲು ಜಾಸ್ತಿ ಶಕ್ತಿ ಬೇಕಾಗುತ್ತದೆ. ಬೇಸಿಗೆಯ ಬಿಸಿಲಿಗೆ ಅರ್ಧ ಸತ್ತಿದ್ದ ಬ್ಯಾಟರಿ ಚಳಿಗಾಲದಲ್ಲಿ ಕೈಕೊಟ್ಟಿತು. ಊರು ಬಿಡುವ ಮೊದಲೇ ನೋಡಿಸಬೇಕಿತ್ತು. ಗೆಳೆಯನ ಗಾಡಿಯಿಂದ ವೈರ್ ಹಾಕಿ ಸ್ಟಾರ್ಟ್ ಮಾಡಿ, ಪೇಟೆಯಲ್ಲಿ ಹೊಸದು ಹಾಕಿಸಿದೆ. ಹತ್ತೂವರೆ ಆಯಿತು.

ಮುದಗಲ್ಲಿನ ಕೋಟೆ ಬದಿಯಲ್ಲಿ ಒಂದು ಮನೆ. ಮುಂದೆ ಕುಷ್ಟಗಿ. ಇದು ಬಿಳಿಜೋಳ, ಕಡಲೆ, ತೊಗರಿಯ ಒಣ ಸೀಮೆ. ಕಾಲುವೆಯ ಮಂಜು ಇಲ್ಲಿಗೆ ಬರುವುದಿಲ್ಲ. ಕುಷ್ಟಗಿಯಿಂದ ಹೊಸಪೇಟೆ ಕಡೆಗೆ ಹೋಗುವ 50ನೇ ಹೆದ್ದಾರಿ ನಾಲ್ಕು ಸಾಲಿನದು, ನುಣ್ಣಗಿದೆ. ಅಲ್ಲಿ ಹೆದರಿಕೆ ಬೇರೆ ಥರದ್ದು. ಯು ಟರ್ನ್ ದೂರ ಅಂತ ತೊಗರಿ ಹೇರಿದ ಟ್ರ್ಯಾಕ್ಟರುಗಳು ಎದುರು ದಿಕ್ಕಿನಲ್ಲೇ ಬರುತ್ತವೆ. ಇನ್ನೊಂದು, ಕಲ್ಲುಗಳು. ಕೆಟ್ಟು ನಿಂತ ಲಾರಿಯ ಹಿಂದೆ ಗುರುತಿಗೆ ಅಂತ ದೊಡ್ಡ ಕಲ್ಲು ಇಡುತ್ತಾರೆ. ಲಾರಿ ರಿಪೇರಿಯಾಗಿ ಹೋಗುತ್ತದೆ, ಕಲ್ಲು ಅಲ್ಲೇ ಇರುತ್ತದೆ. ಅಂಥ ಐದು ಕಲ್ಲು ಒಂದೇ ಸಾಲಿನಲ್ಲಿ ಕಂಡವು. ಗಾಡಿಯನ್ನು ಅಂಚಿನಾಚೆ ನಿಲ್ಲಿಸಿ, ಹೆಂಡತಿ ಹಿಂದೆ ನಿಂತು ಕೆಂಪು ಸೆರಗು ಬೀಸುತ್ತಿದ್ದಾಗ ನಾನು ಐದನ್ನೂ ಉರುಳಿಸಿ ಚರಂಡಿಗೆ ಹಾಕಿದೆ. ಕಾರಿನ ಜೊತೆ ಬರುವ ಕೆಂಪು ತ್ರಿಕೋನ ಡಿಕ್ಕಿಯ ಅಡಿಯಲ್ಲೇ ಇರುತ್ತದೆ. ಅದನ್ನು ಗಾಡಿಯಿಂದ ಕಡಿಮೆ ಅಂದರೆ ಐವತ್ತು ಹೆಜ್ಜೆ ಹಿಂದೆ ಇಡಬೇಕು. ಕೆಲಸ ಮುಗಿದ ಮೇಲೆ ತೆಗೆದುಕೊಂಡೂ ಹೋಗಬಹುದು.

ಕೊಪ್ಪಳದಲ್ಲಿ ಐದು ಮನೆ, ಗವಿಮಠದ ದರ್ಶನ. ಜನವರಿಯ ಜಾತ್ರೆಗೆ ಆಗಲೇ ಮಾತು ನಡೆದಿತ್ತು. ಆಮೇಲೆ ಬೂದಗುಂಪಾ ದಾಟಿ ಹೊತ್ತು ಮುಳುಗುವುದರೊಳಗೆ ಗಂಗಾವತಿ.

ದಿನ 5: ಗಂಗಾವತಿಯಿಂದ ಮನೆಗೆ

ಮಗಳ ಫೋನ್ ಬಂತು. ಹನ್ನೊಂದಕ್ಕೆ ಬಳ್ಳಾರಿಯಲ್ಲಿ ಸೀರೆ ಅಂಗಡಿಗೆ ಬೀಗರು ಬರುತ್ತಾರೆ, ಬೇಗ ಬನ್ನಿ ಅಂತ. ಗಂಗಾವತಿ ಅಂದರೆ ಮತ್ತೆ ನೆಲ್ಲು, ಮತ್ತೆ ಕಾಲುವೆ. ಐದಕ್ಕೆ ಎದ್ದು ಮಹಡಿ ಹತ್ತಿ ನೋಡಿದೆ. ಎರಡು ಕಂಬ. ಅದರ ಜೊತೆಗೆ ರಸ್ತೆಯಲ್ಲಿ ಜನರ ಸಾಲು. ಹನುಮಮಾಲೆ ಧರಿಸಿದವರು ಆನೆಗೊಂದಿಯ ಕಡೆ, ಅಂಜನಾದ್ರಿಗೆ ನಡೆದು ಹೊರಟಿದ್ದರು. ಬರಿಗಾಲು, ಕೇಸರಿ ಪಂಚೆ. ಜೈ ಶ್ರೀರಾಮ್ ಅನ್ನುವ ಕೂಗು ಕೇಳುತ್ತಿತ್ತು, ಜನ ಕಾಣುತ್ತಿರಲಿಲ್ಲ. ಕೇಸರಿ ಬಣ್ಣ ಹಗಲಿಗೆ ಎದ್ದು ಕಾಣುತ್ತದೆ. ಕತ್ತಲೆ ಮಂಜಿನಲ್ಲಿ ಅದೂ ಬೂದಿ ಬಣ್ಣವೇ.

ಈ ಜನರ ನಡುವೆ ನಾನು ಕಾರು ಓಡಿಸುವುದಿಲ್ಲ ಅಂತ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದಳು. "ಬೀಗರಿಗೆ ಏನು ಹೇಳಲಿ?" ಅಂದಳು. "ಮಂಜು ಬಿದ್ದಿದೆ, ಅಪ್ಪ ಒಂದು ಗಂಟೆಗೆ ಬರ್ತಾರೆ ಅಂತ ಹೇಳು" ಅಂದೆ.

ಉಳಿದ ಟೇಪು ತೆಗೆದುಕೊಂಡು ಬಾಗಿಲಿಗೆ ಇಳಿದೆ. ಅಂಗೈ ಅಗಲದ ತುಂಡು ಕತ್ತರಿಸಿ, ಹೋಗುವವರ ಹೆಗಲ ಚೀಲಕ್ಕೆ ಅಂಟಿಸತೊಡಗಿದೆ. ಒಬ್ಬೊಬ್ಬರಿಗೂ ಬೇಡ, ಗುಂಪಿನಲ್ಲಿ ಕೊನೆಯಲ್ಲಿ ನಡೆಯುವವನಿಗೆ ಒಂದು ಇದ್ದರೆ ಸಾಕು ಅಂತ ಹೆಂಡತಿ ಹೇಳಿದಳು. ಅದು ಸರಿ ಇತ್ತು. ಎಲ್ಲರಿಗೂ ಒಂದೇ ಮಾತು ಹೇಳಿದೆವು: ರಸ್ತೆಯ ಬಲಗಡೆ ನಡೀರಿ, ಎದುರು ಬರುವ ಗಾಡಿ ಕಾಣಲಿ. ಸುರುಳಿ ಏಳೂವರೆಗೆ ಮುಗಿಯಿತು.

ಒಂಬತ್ತಕ್ಕೆ ಹೊರಟೆವು. ಕಂಪ್ಲಿ ಸೇತುವೆಯ ಮೇಲೆ ಮಾತ್ರ ಹೊಳೆಯ ಮಂಜು ಇನ್ನೂ ಉಳಿದಿತ್ತು. ಈ ತುದಿಯಲ್ಲಿ ನಿಂತು, ಆ ತುದಿಯಿಂದ ಬಂದ ಬಸ್ಸು ದಾಟಲು ಬಿಟ್ಟು, ಡಿಮ್ ಲೈಟಿನಲ್ಲಿ ನಿಧಾನಕ್ಕೆ ದಾಟಿದೆ. ಕೆಳಗೆ ತುಂಗಭದ್ರೆ ಕಾಣಲಿಲ್ಲ, ಸದ್ದು ಮಾತ್ರ ಕೇಳಿತು. ಕುರುಗೋಡು ಬರುವ ಹೊತ್ತಿಗೆ ಬಂಡೆಗಳ ಮೇಲೆ ಬಿಸಿಲು ಬಿದ್ದಿತ್ತು. ಹೆಂಡತಿ ಗಾಜು ಏರಿಸಿ, ಐದು ದಿನದಲ್ಲಿ ಮೊದಲ ಸಲ ಹಾಡು ಹಾಕಿದಳು.

ಬೀಗರು ಅಂಗಡಿಯಲ್ಲಿ ಕಾಯುತ್ತಾ ಕೂತಿದ್ದರು. ತಡ ಆಯಿತು ಅಂತ ಕೈ ಮುಗಿದೆ. ಸೀರೆ ಆರಿಸುವಾಗ ಸಿಂಧನೂರಿನ ತಮ್ಮನ ಫೋನ್ ಬಂತು.

"ಅಣ್ಣ, ಆ ಟೇಪು ಎಲ್ಲಿ ತಗೊಂಡಿ? ಕ್ಯಾಂಪಿನವರು ಕೇಳಾಕತ್ತಾರ. ಹನ್ನೊಂದು ಟ್ರ್ಯಾಕ್ಟರ್ ಅದಾವ."

ಕಾಲುವೆ ಸೀಮೆಗೆ ವಲಸೆ ಬಂದ ರೈತರ ಊರಿಗೆ ಅಲ್ಲಿ ಕ್ಯಾಂಪು ಅಂತಾರೆ. ಲಾರಿ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ, ಸಿಂಧನೂರಿನಲ್ಲೇ ಸಿಗುತ್ತದೆ ಅಂದೆ. ಹಲಗೆ ತೊಳೆದು ಒಣಗಿಸಿ ಅಂಟಿಸಲು ಹೇಳು, ಎರಡೂ ತುದಿಗ್ ಬರಲಿ ಅಂದೆ.

"ಅದು ನನಗ ಗೊತ್ತೈತಿ" ಅಂದ.